ತಾಯಿಯ ಪತ್ರವನ್ನು ಪೀಠಿಕೆಯಲ್ಲೇ ಮುಗಿಸಬೇಡಿ

ಎನ್‌ಸಿಇಆರ್‌ಟಿಯ 11ನೇ ತರಗತಿಯ ವಿಶ್ವ ಇತಿಹಾಸ ಪುಸ್ತಕದಲ್ಲಿ ಮೂಲನಿವಾಸಿಗಳನ್ನು ಅವರ ನೆಲದಿಂದ ಕದಲಿಸಿದ ಬಗ್ಗೆ ಒಂದು ಅಧ್ಯಾಯವಿದೆ. ಅದರ ಹೆಚ್ಚಿನ ಭಾಗ ಉತ್ತರ ಅಮೆರಿಕಕ್ಕೆ ಮೀಸಲು. ಆಸ್ಟ್ರೇಲಿಯಾ ಬರುವುದು ಕೊನೆಯ ಕೆಲವು ಪುಟಗಳಲ್ಲಿ. ಆ ಪುಟಗಳಲ್ಲೂ ಅಬೊರಿಜಿನಲ್ ಮಕ್ಕಳನ್ನು ಹೆತ್ತವರಿಂದ ಬಲವಂತವಾಗಿ ಬೇರ್ಪಡಿಸಿದ ಸಂಗತಿಗೆ ಸಿಕ್ಕಿರುವುದು ಕೆಲವೇ ಸಾಲು ಮತ್ತು ಕಾಲಾನುಕ್ರಮಣಿಕೆಯಲ್ಲಿ ಒಂದೆರಡು ಇಸವಿ. ಕೇಂದ್ರೀಯ ಪಠ್ಯಕ್ರಮದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಮ್ಮ ಇತಿಹಾಸ ವಿಷಯದ ಪ್ರಶಿಕ್ಷಣಾರ್ಥಿಗಳಲ್ಲಿ ಒಬ್ಬಿಬ್ಬರ ಪಾಲಿಗೆ ಈ ಘಟಕ ಬರುತ್ತಲೇ ಇರುತ್ತದೆ. ಪುಸ್ತಕದಲ್ಲಿ ಸಾಮಗ್ರಿ ಕಡಿಮೆ ಇರುವುದರಿಂದ ಅವರು ಹೊರಗೆ ಹುಡುಕುತ್ತಾರೆ. ಹುಡುಕಿದರೆ ಮೊದಲು ಸಿಗುವುದೇ ಸಾಕ್ಷ್ಯಗಳು: ಬಾಲ್ಯದಲ್ಲಿ ತಾಯಿಯ ಮಡಿಲಿನಿಂದ ಬೇರೆಯಾಗಿ, ಈಗ ಮುದುಕರಾಗಿರುವವರು ಕ್ಯಾಮೆರಾ ಮುಂದೆ ಕುಳಿತು ಹೇಳಿದ ಮಾತುಗಳು.

ಈ ಹುಡುಕಾಟವನ್ನು ನಾನು ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಸಿಕ್ಕಿದ್ದನ್ನು ಬಳಸುವ ರೀತಿಯ ಬಗ್ಗೆ. ನಾನು ವೀಕ್ಷಿಸಿದ ಪಾಠಗಳಲ್ಲಿ ಬಹುತೇಕ ಒಂದೇ ಮಾದರಿ. ಪೀಠಿಕೆಗೆ ಐದು ನಿಮಿಷ. ಅದರಲ್ಲಿ ಮೂರು ನಿಮಿಷದ ವಿಡಿಯೊ ತುಣುಕು, ಅಳುವ ವೃದ್ಧೆ, ಹಿನ್ನೆಲೆಯಲ್ಲಿ ಪಿಯಾನೊ. ನಂತರ ‘ಈಗ ನಿಮಗೆ ಹೇಗನ್ನಿಸಿತು?’ ಎಂಬ ಪ್ರಶ್ನೆ. ‘ಬೇಜಾರಾಯ್ತು ಮಿಸ್’ ಎಂಬ ಉತ್ತರ. ‘ಹೌದು ಮಕ್ಕಳೇ, ಇಂದು ನಾವು ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ತಿಳಿಯೋಣ’ ಎಂಬ ಉದ್ದೇಶ ಕಥನ. ಅಲ್ಲಿಂದ ಮುಂದೆ ಆ ವೃದ್ಧೆ ಮತ್ತೆ ತರಗತಿಗೆ ಬರುವುದಿಲ್ಲ. ಕಪ್ಪುಹಲಗೆಯ ಮೇಲೆ ಇಸವಿಗಳು ಬರುತ್ತವೆ, ಮಕ್ಕಳು ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ. ವೀಕ್ಷಣಾ ಪುಸ್ತಕದಲ್ಲಿ ನಾವು ಮಾರ್ಗದರ್ಶಕರೂ ‘ಪೀಠಿಕೆ ಪರಿಣಾಮಕಾರಿಯಾಗಿತ್ತು’ ಎಂದು ಬರೆದು ಸಹಿ ಹಾಕುತ್ತೇವೆ.

ಸಾಕ್ಷ್ಯವನ್ನು ಪೀಠಿಕೆಗೆ ಬಳಸುವುದನ್ನು ನಾವು ಬಿಡಬೇಕು, ಅದನ್ನು ವಿಷಯ ಮಂಡನೆಯ ನಡುವೆ ಇಡಬೇಕು ಎಂಬುದು ನನ್ನ ವಾದ. ಅದೂ ಒಂದೇ ಸಾಕ್ಷ್ಯ, ಪೂರ್ತಿಯಾಗಿ, ಅದರ ಎದುರಿಗೆ ಅದೇ ಮಗುವಿನ ಬಗ್ಗೆ ಸರ್ಕಾರ ಬರೆದ ಕಾಗದದೊಂದಿಗೆ.

ಈ ಘಟಕವನ್ನು ಓದಿರದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಆಸ್ಟ್ರೇಲಿಯಾದ ಬಹುತೇಕ ಪ್ರತಿ ರಾಜ್ಯವೂ 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ಅಬೊರಿಜಿನಲ್ ಜನರ ‘ಸಂರಕ್ಷಣೆ’ಯ ಹೆಸರಿನಲ್ಲಿ ಕಾಯ್ದೆಗಳನ್ನು ಮಾಡಿತು. ನ್ಯೂ ಸೌತ್ ವೇಲ್ಸ್‌ನ ಕಾಯ್ದೆ 1909ರದ್ದು. 1915ರ ತಿದ್ದುಪಡಿಯ ನಂತರ ಅಲ್ಲಿನ ಸಂರಕ್ಷಣಾ ಮಂಡಳಿಗೆ ಮಗುವನ್ನು ತೆಗೆದುಕೊಂಡು ಹೋಗಲು ನ್ಯಾಯಾಲಯದ ಮುಂದೆ ಏನನ್ನೂ ಸಾಬೀತುಪಡಿಸುವ ಅಗತ್ಯ ಇರಲಿಲ್ಲ. ಹುಡುಗಿಯರು ಕೂಟಮಂಡ್ರದ ತರಬೇತಿ ಗೃಹಕ್ಕೆ ಹೋದರು, ಅಲ್ಲಿಂದ ಬಿಳಿಯರ ಮನೆಗೆಲಸಕ್ಕೆ. ಹುಡುಗರು ಕಿಂಚೆಲಾಕ್ಕೆ, ಅಲ್ಲಿ ಅವರನ್ನು ಹೆಸರಿನ ಬದಲು ಸಂಖ್ಯೆಯಿಂದ ಕರೆಯುತ್ತಿದ್ದರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1915ರಿಂದ ಕಾಲು ಶತಮಾನ ಈ ಇಲಾಖೆಯನ್ನು ನಡೆಸಿದ ಎ.ಓ. ನೆವಿಲ್‌ಗೆ ಮಿಶ್ರ ರಕ್ತದ ಮಕ್ಕಳ ಮೇಲೆ ವಿಶೇಷ ಕಣ್ಣು. ಅವರನ್ನು ತಾಯಂದಿರಿಂದ ದೂರ ಬೆಳೆಸಿ, ಬಿಳಿಯರಲ್ಲಿ ಮದುವೆ ಮಾಡಿಸುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಅಬೊರಿಜಿನಲ್ ಎಂಬ ಗುರುತೇ ಉಳಿಯುವುದಿಲ್ಲ ಎಂಬುದು ಅವನ ಲೆಕ್ಕ. 1937ರಲ್ಲಿ ಕ್ಯಾನ್‌ಬೆರಾದಲ್ಲಿ ಸೇರಿದ ಬಹುತೇಕ ಎಲ್ಲ ರಾಜ್ಯಗಳ ಅಧಿಕಾರಿಗಳ ಸಭೆ ಮಿಶ್ರ ರಕ್ತದವರನ್ನು ಬಿಳಿಯ ಸಮಾಜದೊಳಗೆ ಕರಗಿಸುವುದೇ ಗುರಿ ಎಂದು ನಿರ್ಣಯ ಮಾಡಿತು.

ಇದು 1970ರ ಹೊತ್ತಿನವರೆಗೆ ನಡೆಯಿತು. 1981ರಲ್ಲಿ ಇತಿಹಾಸಕಾರ ಪೀಟರ್ ರೀಡ್ ನ್ಯೂ ಸೌತ್ ವೇಲ್ಸ್‌ನ ದಾಖಲೆಗಳನ್ನು ಆಧರಿಸಿ ಒಂದು ಕಿರುಪುಸ್ತಕ ಬರೆದು ಇವರನ್ನು ‘ಕದ್ದೊಯ್ದ ಪೀಳಿಗೆಗಳು’ ಎಂದು ಕರೆದರು. 1995ರಲ್ಲಿ ಸರ್ಕಾರ ರಾಷ್ಟ್ರೀಯ ವಿಚಾರಣೆಗೆ ಆದೇಶಿಸಿತು. ಸರ್ ರೊನಾಲ್ಡ್ ವಿಲ್ಸನ್ ಮತ್ತು ಮಿಕ್ ಡಾಡ್ಸನ್ ನೇತೃತ್ವದಲ್ಲಿ ಮಾನವ ಹಕ್ಕುಗಳ ಆಯೋಗ ದೇಶವಿಡೀ ಸುತ್ತಿ 535 ಮೂಲನಿವಾಸಿಗಳ ಮಾತನ್ನು ಕೇಳಿ ದಾಖಲಿಸಿತು. 1997ರ ಮೇ 26ರಂದು ಸಂಸತ್ತಿನ ಮುಂದೆ ಬಂದ ಆ ವರದಿಯ ಹೆಸರು ‘ಬ್ರಿಂಗಿಂಗ್ ದೆಮ್ ಹೋಮ್’. 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಮನೆಯಿಂದ ಬೇರ್ಪಟ್ಟಿದ್ದರು ಎಂದು ಅದು ಅಂದಾಜಿಸಿತು. ಅಂದಾಜಿನ ಎರಡು ತುದಿಗಳ ನಡುವಿನ ಅಂತರವೇ ಎಷ್ಟು ದೊಡ್ಡದು ನೋಡಿ. ಲೆಕ್ಕ ಇಡಬೇಕಾದವರು ಸರಿಯಾಗಿ ಲೆಕ್ಕ ಇಡಲಿಲ್ಲ. ಸಾಕ್ಷ್ಯ ಬೇಕಾದದ್ದೇ ಅದಕ್ಕೆ.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ವಿಚಾರವೊಂದಿದೆ. ಆ 535 ಜನ ಆಯೋಗದ ಮುಂದೆ ಬಂದದ್ದು ಯಾರನ್ನೋ ಅಳಿಸುವುದಕ್ಕಲ್ಲ. ನಡೆದದ್ದು ಇದು, ಇಂಥ ಊರಿನಲ್ಲಿ, ಇಂಥ ವಾಹನದಲ್ಲಿ, ಇಂಥವರು ಬಂದರು, ಇಂಥದ್ದನ್ನು ಹೇಳಿದರು ಎಂದು ದಾಖಲಿಸುವುದಕ್ಕೆ ಬಂದರು. ಅವರು ಸಾಕ್ಷಿಗಳು. ಸಾಕ್ಷಿಯ ಮಾತನ್ನು ಕೇಳುವುದಕ್ಕೆ ಒಂದು ಕ್ರಮವಿದೆ: ಪೂರ್ತಿ ಕೇಳಬೇಕು, ಪ್ರಶ್ನೆ ಕೇಳಬೇಕು, ಬೇರೆ ಪುರಾವೆಯ ಜೊತೆ ಇಟ್ಟು ನೋಡಬೇಕು. ಮೂರು ನಿಮಿಷ ಕತ್ತರಿಸಿ ತೋರಿಸಿ ‘ಬೇಜಾರಾಯ್ತಾ?’ ಎಂದು ಕೇಳಿದಾಗ ನಾವು ಅವರನ್ನು ಸಾಕ್ಷಿಯ ಸ್ಥಾನದಿಂದ ಇಳಿಸಿ ಬೋಧನೋಪಕರಣದ ಪಟ್ಟಿಗೆ ಸೇರಿಸಿದಂತಾಗುತ್ತದೆ. ಭೂಪಟ, ಚಾರ್ಟು, ಸೀಮೆಸುಣ್ಣ, ಅಳುವ ಅಜ್ಜಿ.

ಹಾಗಾದರೆ ಪಾಠ ಹೇಗಿರಬೇಕು ಎಂದು ಕೇಳುವವರಿಗೆ ನಾನು ಸೂಚಿಸುವುದು ಬ್ರೂಸ್ ಟ್ರೆವರೊ ಅವರ ಪ್ರಕರಣ. ಅದರಲ್ಲಿ ಸಾಕ್ಷ್ಯವೂ ಇದೆ, ಕಾಗದವೂ ಇದೆ, ಎರಡನ್ನೂ ತೂಗಿದ ನ್ಯಾಯಾಲಯದ ತೀರ್ಪೂ ಇದೆ, ತೀರ್ಪು ಸಾರ್ವಜನಿಕವಾಗಿ ಓದಲು ಸಿಗುತ್ತದೆ.

1957ರ ಕ್ರಿಸ್‌ಮಸ್ ದಿನ. ದಕ್ಷಿಣ ಆಸ್ಟ್ರೇಲಿಯಾದ ಕೂರಾಂಗ್ ಸೀಮೆಯಲ್ಲಿ, ಮೆನಿಂಗಿ ಎಂಬ ಸಣ್ಣ ಊರಿನ ಹೊರಗಿನ ಬಿಡಾರದಲ್ಲಿ 13 ತಿಂಗಳ ಕೂಸಿಗೆ ಹೊಟ್ಟೆ ಕೆಟ್ಟಿತು. ತಂದೆಗೆ ಸ್ವಂತ ವಾಹನ ಇರಲಿಲ್ಲ. ಪರಿಚಯದವರ ಕಾರಿನಲ್ಲಿ ಮಗುವನ್ನು ಅಡಿಲೇಡ್‌ನ ಮಕ್ಕಳ ಆಸ್ಪತ್ರೆಗೆ ಕಳಿಸಿದರು. ಆಸ್ಪತ್ರೆಯ ದಾಖಲೆಯಲ್ಲಿ ಮಗುವನ್ನು ನಿರ್ಲಕ್ಷಿತ ಎಂಬಂತೆ ಬರೆಯಲಾಯಿತು. ಮಗು ಚೇತರಿಸಿಕೊಂಡಿತು. ಎರಡು ವಾರ ಕಳೆಯುವುದರೊಳಗೆ ಮೂಲನಿವಾಸಿಗಳ ಇಲಾಖೆ ಅದನ್ನು ಒಂದು ಬಿಳಿಯ ಕುಟುಂಬಕ್ಕೆ ಸಾಕಲು ಕೊಟ್ಟಿತು. ಹೆತ್ತವರಿಗೆ ಒಂದು ಮಾತೂ ಹೇಳಲಿಲ್ಲ. 1958ರ ಜುಲೈನಲ್ಲಿ ತಾಯಿ ಇಲಾಖೆಗೆ ಪತ್ರ ಬರೆದಳು: ಮಗು ಹೇಗಿದ್ದಾನೆ, ಮನೆಗೆ ಬರಲು ಇನ್ನೂ ಎಷ್ಟು ದಿನ ಬೇಕು. ಇಲಾಖೆ ಉತ್ತರ ಬರೆಯಿತು: ಮಗು ಚೆನ್ನಾಗಿ ಸುಧಾರಿಸುತ್ತಿದ್ದಾನೆ, ಆದರೆ ವೈದ್ಯರು ಚಿಕಿತ್ಸೆಗಾಗಿ ಇನ್ನೂ ಇಟ್ಟುಕೊಳ್ಳಬೇಕೆನ್ನುತ್ತಾರೆ. ಆ ಉತ್ತರ ಬರೆಯುವ ಹೊತ್ತಿಗೆ ಮಗು ಆಸ್ಪತ್ರೆ ಬಿಟ್ಟು ಆರು ತಿಂಗಳಿಗೂ ಹೆಚ್ಚಾಗಿತ್ತು.

ಎರಡೇ ಕಾಗದ. ಒಂದರ ಕೆಳಗೆ ತಾಯಿಯ ಹೆಸರು, ಇನ್ನೊಂದರ ಕೆಳಗೆ ಇಲಾಖೆಯ ಹೆಸರು. ಕಳೆದ ವರ್ಷ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಇವೆರಡರ ಸಾರವನ್ನು ಕನ್ನಡದಲ್ಲಿ ಸರಳವಾಗಿ ಬರೆದು, ಅಕ್ಕಪಕ್ಕ ಮುದ್ರಿಸಿ, ಇಬ್ಬರಿಗೊಂದರಂತೆ ಹಂಚಿ, ಏನನ್ನೂ ವಿವರಿಸದೆ ‘ದಿನಾಂಕ ನೋಡಿ ಓದಿ’ ಎಂದಷ್ಟೇ ಹೇಳಿ ಸುಮ್ಮನಾದರು. ಮಗುವನ್ನು ಸಾಕಲು ಕೊಟ್ಟ ದಿನಾಂಕವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿದ್ದರು. ತರಗತಿ ಒಂದೆರಡು ನಿಮಿಷ ಓದಿತು. ಮೊದಲು ಮಾತಾಡಿದ್ದು ಕಿಟಕಿ ಪಕ್ಕದ ಹುಡುಗಿ: ‘ಸರ್, ಆ ಅಮ್ಮಂಗೆ ಬರೆಯೋಕ್ ಬರ್ತಿತ್ತಾ?’ ಬಿಡಾರದಲ್ಲಿ ವಾಸಿಸುವವರೆಂದರೆ ಓದು ಬರಹ ಇಲ್ಲದವರು ಎಂದು ಅವಳು ಅಂದುಕೊಂಡಿದ್ದಳು. ಪತ್ರ ಕೈಯಲ್ಲೇ ಇತ್ತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ: ‘ಸರ್, ಉತ್ತರ ಟೈಪ್ ಮಾಡಿದವರಿಗೆ ಗೊತ್ತಿತ್ತಾ ಇದು ಸುಳ್ಳು ಅಂತ?’ ಅಲ್ಲಿಂದ ಇಪ್ಪತ್ತು ನಿಮಿಷ ಆ ಪ್ರಶಿಕ್ಷಣಾರ್ಥಿ ಹೆಚ್ಚು ಮಾತಾಡಬೇಕಾಗಲೇ ಇಲ್ಲ. ಸುಳ್ಳು ಬರೆಯುವಂತೆ ಹೇಳಿದವರು ಯಾರು? ಕಾನೂನು ಅವರ ಪರ ಇದ್ದಿದ್ದರೆ ಸುಳ್ಳು ಯಾಕೆ ಬೇಕಿತ್ತು?

ಈ ಕೊನೆಯ ಪ್ರಶ್ನೆಯನ್ನು 11ನೇ ತರಗತಿಯ ಮಗು ತಾನಾಗಿ ಕೇಳಿದರೆ, ಅದಕ್ಕಿಂತ ಹೆಚ್ಚಿನ ಇತಿಹಾಸ ಬೋಧನೆ ನನಗೆ ತಿಳಿದಿಲ್ಲ. ಉತ್ತರವೂ ದಾಖಲೆಯಲ್ಲೇ ಇದೆ. 2007ರ ಆಗಸ್ಟ್ 1ರಂದು ದಕ್ಷಿಣ ಆಸ್ಟ್ರೇಲಿಯಾದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗ್ರೇ, ಆ ಮಗುವನ್ನು ಹಾಗೆ ತೆಗೆದುಕೊಂಡು ಹೋಗುವ ಕಾನೂನಿನ ಅಧಿಕಾರ ಇಲಾಖೆಗೆ ಇರಲಿಲ್ಲ, ಅಧಿಕಾರ ಇಲ್ಲವೆಂಬ ಕಾನೂನು ಸಲಹೆ ಅದಕ್ಕೆ ಮೊದಲೇ ಸಿಕ್ಕಿತ್ತು ಎಂದು ತೀರ್ಪು ಕೊಟ್ಟರು. 5,25,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಆದೇಶವಾಯಿತು. ಕದ್ದೊಯ್ದ ಪೀಳಿಗೆಯವರೊಬ್ಬರು ನ್ಯಾಯಾಲಯದಲ್ಲಿ ಪರಿಹಾರ ಗೆದ್ದದ್ದು ಅದೇ ಮೊದಲು. ತೀರ್ಪಿನಲ್ಲಿ ಇನ್ನೊಂದು ಅಂಶವಿದೆ, ತರಗತಿಯಲ್ಲಿ ಅದನ್ನು ಬಿಡಬಾರದು: ಬಿಡಾರದಲ್ಲೇ, ಹೆತ್ತವರ ಬಳಿಯೇ ಬೆಳೆದ ಬ್ರೂಸ್‌ನ ಒಡಹುಟ್ಟಿದವರ ಬದುಕನ್ನು ನ್ಯಾಯಾಧೀಶರು ಬ್ರೂಸ್‌ನ ಬದುಕಿನ ಪಕ್ಕದಲ್ಲಿಟ್ಟು ನೋಡಿದರು. ಬಡತನ ಎಲ್ಲರಿಗೂ ಒಂದೇ ಇತ್ತು. ಖಿನ್ನತೆ, ಕುಡಿತ, ಎಲ್ಲಿಗೂ ಸೇರದವನೆಂಬ ಭಾವ ಹೊತ್ತು ಬದುಕಿದ್ದು ‘ರಕ್ಷಿಸಲ್ಪಟ್ಟ’ ಮಗು.

ಮಗುವಿನ ಒಳಿತಿಗಾಗಿಯೇ ಮಾಡಿದರಲ್ಲವೇ ಎಂಬ ಪ್ರಶ್ನೆ ಎಲ್ಲ ತರಗತಿಯಲ್ಲೂ ಬರುತ್ತದೆ. ಬರಲಿ. ಭಾವಿ ಶಿಕ್ಷಕರು ಅದನ್ನು ಕೇಳಿದ ಮಗುವಿನ ಮೇಲೆ ಹರಿಹಾಯಬಾರದು. ಒಳಿತಿಗಾಗಿ ಎಂದು ನಂಬಿದ್ದ ದಾದಿಯರು, ಪಾದ್ರಿಗಳು, ಕಾರಕೂನರು ನಿಜವಾಗಿಯೂ ಇದ್ದರು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ವರದಿಯ ನಂತರ ಕೈಗೊಂಡ ಮೌಖಿಕ ಇತಿಹಾಸ ಯೋಜನೆಯಲ್ಲಿ 300ಕ್ಕೂ ಹೆಚ್ಚು ಸಂದರ್ಶನಗಳಿವೆ. ಬೇರ್ಪಟ್ಟವರ ಜೊತೆಗೆ ಪೊಲೀಸರು, ಮಿಷನ್ ಸಿಬ್ಬಂದಿ, ಆಡಳಿತಗಾರರೂ ಮಾತಾಡಿದ್ದಾರೆ. ‘ಬಿಳಿಯರು ಕೆಟ್ಟವರು’ ಎಂಬ ಒಂದು ವಾಕ್ಯದಲ್ಲಿ ಪಾಠ ಮುಗಿಸಿದರೆ ಮಗುವಿಗೆ ಸುಲಭ, ನಮಗೂ ಸುಲಭ. ಆದರೆ ಸಾಮಾನ್ಯ ಕಚೇರಿಯಲ್ಲಿ ಕುಳಿತ ಸಾಮಾನ್ಯ ಮನುಷ್ಯ ಆ ಸುಳ್ಳು ಉತ್ತರವನ್ನು ಹೇಗೆ ಟೈಪ್ ಮಾಡಿದ ಎಂಬುದು ಅರ್ಥವಾಗದೆ ಉಳಿಯುತ್ತದೆ.

ಇನ್ನು ಪದಗಳ ವಿಚಾರ. ಸಾಕ್ಷ್ಯಗಳು ಇರುವುದು ಇಂಗ್ಲಿಷಿನಲ್ಲಿ. ನಮ್ಮವರು ತರಗತಿಗಾಗಿ ಅವನ್ನು ಕನ್ನಡಕ್ಕೆ ತರುವಾಗ ಪಾಠದ ಅರ್ಧ ತೀರ್ಮಾನ ಆಗಿಹೋಗಿರುತ್ತದೆ, ಅದು ಅವರಿಗೂ ಗೊತ್ತಾಗುವುದಿಲ್ಲ. ಆಗಿನ ಕಾಯ್ದೆಗಳ ಭಾಷೆಯಲ್ಲಿ ಮಗುವನ್ನು ‘ತೆಗೆದರು’, ‘ಸ್ಥಳಾಂತರಿಸಿದರು’. ಇಲಾಖೆಯ ಮುಖ್ಯಸ್ಥನ ಹುದ್ದೆಯ ಹೆಸರು ‘ಮುಖ್ಯ ಸಂರಕ್ಷಕ’. ಒಬ್ಬ ಪ್ರಶಿಕ್ಷಣಾರ್ಥಿ ಇದನ್ನು ಬಹಳ ಸಹಜವಾಗಿ ‘ಮಕ್ಕಳನ್ನು ರಕ್ಷಿಸಿ ಕರೆತಂದರು’ ಎಂದು ಬರೆದಿದ್ದರು. ಅವರ ತಪ್ಪೇನಿಲ್ಲ, ಮೂಲದ ಪದವೇ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು. ನಾನು ಹೇಳುವುದಿಷ್ಟು: ಹುದ್ದೆಯ ಹೆಸರನ್ನು ‘ಸಂರಕ್ಷಕ’ ಎಂದೇ ಇಡಿ, ಉದ್ಧರಣ ಚಿಹ್ನೆಯೂ ಬೇಡ. ಅವನು ಮಾಡಿದ ಕೆಲಸಕ್ಕೆ ಮಾತ್ರ ಕನ್ನಡದ ಸರಳ ಕ್ರಿಯಾಪದ ಬಳಸಿ: ಮಗುವನ್ನು ತಾಯಿಯಿಂದ ಕಿತ್ತುಕೊಂಡು ಹೋದರೋ, ಕರೆದುಕೊಂಡು ಹೋದರೋ, ಹೇಳದೆ ಒಯ್ದರೋ, ಆ ಸಾಕ್ಷ್ಯ ಏನು ಹೇಳುತ್ತದೋ ಅದು. ಪದವಿಯ ಹೆಸರಿಗೂ ಕ್ರಿಯೆಗೂ ಇರುವ ದೂರ ಮಕ್ಕಳಿಗೆ ತಾನೇ ಕಾಣುತ್ತದೆ.

‘ಕದ್ದ’ ಎಂಬ ಪದವೂ ಪ್ರಶ್ನೆಗೆ ಹೊರತಲ್ಲ. ಲೊವಿಜಾ ಓ’ಡೊನಹ್ಯೂ ಆಸ್ಟ್ರೇಲಿಯಾದ ಮೂಲನಿವಾಸಿ ನಾಯಕರಲ್ಲಿ ಅಗ್ರಗಣ್ಯರು. ಎರಡು ವರ್ಷದ ಮಗುವಾಗಿದ್ದಾಗ ಕೋಲ್‌ಬ್ರೂಕ್ ಎಂಬ ಮಿಷನ್ ಗೃಹ ಸೇರಿದ ಅವರು ತಾಯಿಯನ್ನು ಮತ್ತೆ ಕಂಡದ್ದು 30 ವರ್ಷಗಳಿಗೂ ಹೆಚ್ಚು ಕಾಲದ ಮೇಲೆ. 2001ರಲ್ಲಿ ಅವರು, ತಮ್ಮನ್ನು ಐರಿಷ್ ತಂದೆಯೇ ಮಿಷನ್‌ನವರಿಗೆ ಒಪ್ಪಿಸಿರಬಹುದಾದ್ದರಿಂದ ತಮ್ಮ ಮಟ್ಟಿಗೆ ‘ಕದ್ದ’ ಎನ್ನುವುದಕ್ಕಿಂತ ‘ಬೇರ್ಪಡಿಸಿದ’ ಎನ್ನುವುದು ಸರಿ ಎಂದರು. ಇಡೀ ಇತಿಹಾಸವೇ ಸುಳ್ಳು ಎನ್ನಲು ಕಾಯುತ್ತಿದ್ದವರು ಅದನ್ನು ಹಿಡಿದು ಎಳೆದಾಡಿದರು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಇಂಥದ್ದನ್ನು ತರಗತಿಯಿಂದ ಮುಚ್ಚಿಡಬೇಕೇ? ಕೆಲವು ಸಹೋದ್ಯೋಗಿಗಳು ಮುಚ್ಚಿಡಿ ಎನ್ನುತ್ತಾರೆ, ಮಕ್ಕಳು ಗೊಂದಲಕ್ಕೆ ಬೀಳುತ್ತಾರಂತೆ. ನಾನು ಒಪ್ಪುವುದಿಲ್ಲ. ತನಗೆ ಅನುಕೂಲವಲ್ಲದ ವಿವರವನ್ನೂ ಬಹಿರಂಗವಾಗಿ ಹೇಳಿದ ಸಾಕ್ಷಿಯ ಮಾತಿಗೆ ತೂಕ ಹೆಚ್ಚೋ ಕಡಿಮೆಯೋ? ಇದನ್ನು ಮಕ್ಕಳೇ ನಿರ್ಧರಿಸಲಿ.

ಕಾಗದ ಯಾವಾಗಲೂ ಸಾಕ್ಷಿಯ ಪರ ಇರುತ್ತದೆ ಎಂದೂ ತಿಳಿಯಬಾರದು. ಉತ್ತರ ಪ್ರಾಂತ್ಯದ ಲೋರ್ನಾ ಕ್ಯುಬಿಲೊ ಮತ್ತು ಪೀಟರ್ ಗನ್ನರ್ ಕೇಂದ್ರ ಸರ್ಕಾರದ ಮೇಲೆ ಹೂಡಿದ ದಾವೆ 2000ದಲ್ಲಿ ಸೋತಿತು. ಗನ್ನರ್ ಬಗ್ಗೆ ಇಲಾಖೆಯ ಕಡತದಲ್ಲಿ ಒಂದು ನಮೂನೆ ಇತ್ತು: ಮಗನನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳಿ ಎಂದು ತಾಯಿಯೇ ಕೋರಿದ ಒಪ್ಪಿಗೆ ಪತ್ರ, ಇಂಗ್ಲಿಷಿನಲ್ಲಿ, ಕೆಳಗೆ ತಾಯಿಯದೆನ್ನಲಾದ ಹೆಬ್ಬೆಟ್ಟು. ಅದನ್ನು ನ್ಯಾಯಾಲಯ ಒಪ್ಪಿಗೆಯ ಪುರಾವೆಯಾಗಿ ಪರಿಗಣಿಸಿತು. ಹೆಬ್ಬೆಟ್ಟು ಎಂದರೇನು ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಅಜ್ಜ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತಾನೆ. ‘ಒತ್ತಿದವಳಿಗೆ ಅದರಲ್ಲಿ ಏನು ಬರೆದಿತ್ತು ಅಂತ ಗೊತ್ತಿತ್ತಾ?’ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಟ್ರೆವರೊ ಮತ್ತು ಗನ್ನರ್ ಎರಡೂ ಪ್ರಕರಣಗಳನ್ನು ಎರಡು ಅವಧಿಗಳಲ್ಲಿ ತೆಗೆದುಕೊಂಡರೆ, ಒಂದು ಕಡೆ ಕಾಗದ ಸರ್ಕಾರದ ಸುಳ್ಳನ್ನು ಬಯಲು ಮಾಡಿತು, ಇನ್ನೊಂದು ಕಡೆ ಕಾಗದವೇ ಮನುಷ್ಯನ ನೆನಪನ್ನು ಸೋಲಿಸಿತು ಎಂಬುದು ಎದುರುಬದುರು ನಿಲ್ಲುತ್ತದೆ.

ಅವಧಿ ಎಲ್ಲಿದೆ ಸ್ವಾಮಿ, ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕ ಎಂದು ಕೇಳುವವರಿದ್ದಾರೆ. ಪ್ರಾಯೋಗಿಕ ಪ್ರಶ್ನೆ, ಪ್ರಾಯೋಗಿಕವಾಗಿಯೇ ಹೇಳುತ್ತೇನೆ. ಐದು ಸಾಕ್ಷ್ಯಗಳ ತುಣುಕು ತೋರಿಸುವುದಕ್ಕಿಂತ ಒಂದನ್ನು ಪೂರ್ತಿ ಓದುವುದಕ್ಕೆ ಕಡಿಮೆ ಸಮಯ ಸಾಕು. ಇಸವಿಗಳನ್ನು ಕಪ್ಪುಹಲಗೆಯಲ್ಲಿ ಬರೆಸುವ ಹದಿನೈದು ನಿಮಿಷವನ್ನು ಮನೆಗೆಲಸಕ್ಕೆ ಬಿಟ್ಟರೆ ಒಂದು ಅವಧಿಯಲ್ಲೇ ಪತ್ರ ಮತ್ತು ಉತ್ತರ ಮುಗಿಯುತ್ತವೆ.

ಪಾತ್ರಾಭಿನಯದ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಚಟುವಟಿಕೆ ಆಧಾರಿತ ಕಲಿಕೆ ಎಂದು ಪಾಠಯೋಜನೆಯಲ್ಲಿ ಬರೆಯಬೇಕಾದಾಗ ನಮ್ಮವರಿಗೆ ಮೊದಲು ಹೊಳೆಯುವುದು ನಾಟಕ: ಒಬ್ಬಳು ತಾಯಿ, ಒಬ್ಬ ಪೊಲೀಸ್, ಒಂದು ಮಗು, ಎಳೆದಾಟ. ಪೊಲೀಸನ ಪಾತ್ರ ಮಾಡಿದ ಹುಡುಗ ಲಾಠಿ ತಿರುಗಿಸಿದ ಕೂಡಲೇ ತರಗತಿ ನಗುತ್ತದೆ, ನಗದೆ ಏನು ಮಾಡೀತು? ‘ನೀವೇ ಆ ಮಗು ಎಂದು ಭಾವಿಸಿ ಪತ್ರ ಬರೆಯಿರಿ’ ಎಂಬ ಮನೆಗೆಲಸವೂ ಅಷ್ಟೇ. ಸಾಕ್ಷ್ಯ ಹೇಳಿದವರು ಅರವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದನ್ನು ಹತ್ತು ನಿಮಿಷದಲ್ಲಿ ಕಲ್ಪಿಸಿಕೊಳ್ಳಿ ಎಂದು ಹೇಳುವ ಹಕ್ಕು ನಮಗಿಲ್ಲ. ಇದಲ್ಲದೆ, ನಮ್ಮ ತರಗತಿಗಳಲ್ಲೂ ತಾಯಿಯಿಂದ ದೂರ ಇರುವ ಮಕ್ಕಳಿರುತ್ತಾರೆ: ಹಾಸ್ಟೆಲಿನವರು, ಅಜ್ಜಿ ಮನೆಯಲ್ಲಿ ಬೆಳೆಯುವವರು, ಹೆತ್ತವರು ಬೇರೆಯಾದವರು. ಅವರನ್ನು ಅಭಿನಯಕ್ಕೆ ಎಳೆಯುವ ಮೊದಲು ತರಗತಿ ಶಿಕ್ಷಕರನ್ನು ಕೇಳಿಕೊಳ್ಳುವ ಸೌಜನ್ಯವಾದರೂ ಬೇಕು. ಇನ್ನೊಂದು ಸಣ್ಣ ಸಂಗತಿ. ಆಸ್ಟ್ರೇಲಿಯಾದಲ್ಲಿ ಇಂಥ ಚಿತ್ರ, ಧ್ವನಿ ತೋರಿಸುವ ಮೊದಲು, ಇದರಲ್ಲಿ ತೀರಿಹೋದವರ ಮುಖ ಮತ್ತು ಧ್ವನಿ ಇರಬಹುದು ಎಂದು ಎಚ್ಚರಿಕೆಯ ಮಾತು ಹೇಳುವ ಪದ್ಧತಿ ಇದೆ. ಮೂಲನಿವಾಸಿಗಳ ಹಲವು ಸಮುದಾಯಗಳಲ್ಲಿ ಸತ್ತವರ ಹೆಸರು, ಚಿತ್ರ ಬಳಸುವುದಕ್ಕೆ ಕಟ್ಟುಪಾಡುಗಳಿವೆ. ನಮ್ಮವರು ಆ ಎಚ್ಚರಿಕೆಯ ಭಾಗವನ್ನು ‘ಸಮಯ ಉಳಿಸಲು’ ಕತ್ತರಿಸುತ್ತಾರೆ. ಕತ್ತರಿಸಬೇಡಿ. ಅದು ಯಾಕಿದೆ ಎಂದು ವಿವರಿಸಲು ಒಂದು ನಿಮಿಷ ಸಾಕು, ಮೂಲನಿವಾಸಿಗಳ ಬಗ್ಗೆ ಅಷ್ಟು ಹೇಳುವ ಒಂದು ನಿಮಿಷ ಪಾಠಪುಸ್ತಕದಲ್ಲಿ ಸಿಗುವುದಿಲ್ಲ.

ಸಾಕ್ಷ್ಯವೆಂದರೆ ವಿಡಿಯೊ ಮಾತ್ರವೂ ಅಲ್ಲ. ಗಾಯಕ ಆರ್ಚಿ ರೋಚ್ 1990ರಲ್ಲಿ ಹಾಡಿದ ‘ಟುಕ್ ದ ಚಿಲ್ಡ್ರನ್ ಅವೇ’ ಅವರದೇ ಬಾಲ್ಯದ ಹೇಳಿಕೆ. ತನ್ನ ಹೆತ್ತವರು ಬೆಂಕಿಯಲ್ಲಿ ಸತ್ತರೆಂದು ನಂಬಿಸಲ್ಪಟ್ಟಿದ್ದ ಅವರಿಗೆ, ಹದಿಹರೆಯದಲ್ಲಿ ಶಾಲೆಗೆ ಬಂದ ಅಕ್ಕನ ಪತ್ರವೊಂದರಿಂದ ತಾಯಿ ಇಷ್ಟು ದಿನ ಬದುಕಿದ್ದಳು, ಈಗ ತೀರಿಕೊಂಡಳು ಎಂದು ತಿಳಿಯಿತು. ಡೋರಿಸ್ ಪಿಲ್ಕಿಂಗ್ಟನ್ ತಮ್ಮ ತಾಯಿ ಮಾಲಿಯ ಕಥೆಯನ್ನು 1996ರಲ್ಲಿ ಪುಸ್ತಕವಾಗಿ ಬರೆದರು. 1931ರಲ್ಲಿ 14ರ ಮಾಲಿ ಇಬ್ಬರು ಕಿರಿಯರೊಂದಿಗೆ ಮೂರ್ ರಿವರ್ ಶಿಬಿರದಿಂದ ತಪ್ಪಿಸಿಕೊಂಡು ಮೊಲ ತಡೆಯುವ ಬೇಲಿಯ ಜಾಡು ಹಿಡಿದು ಸುಮಾರು 1,600 ಕಿಲೋಮೀಟರ್ ನಡೆದು ಊರು ಸೇರಿದ್ದು ಸಿನಿಮಾದಿಂದಾಗಿ ಎಲ್ಲರಿಗೂ ಗೊತ್ತು. ನಮ್ಮ ಪ್ರಶಿಕ್ಷಣಾರ್ಥಿಗಳು ಅಲ್ಲಿಗೇ ನಿಲ್ಲಿಸುತ್ತಾರೆ, ಸಾಹಸಕಥೆ, ಸುಖಾಂತ್ಯ. ಮಾಲಿಯನ್ನು 1940ರಲ್ಲಿ ಇಬ್ಬರು ಹೆಣ್ಣುಮಕ್ಕಳ ಸಮೇತ ಅದೇ ಶಿಬಿರಕ್ಕೆ ಮತ್ತೆ ಒಯ್ದರು. ಮರುವರ್ಷ ಅವಳು ಕಿರಿಯ ಕೂಸನ್ನು ಹೊತ್ತು ಮತ್ತೆ ತಪ್ಪಿಸಿಕೊಂಡಳು, ಹಿರಿಯ ಮಗಳನ್ನು ಬಿಟ್ಟುಬರಬೇಕಾಯಿತು. ಹಾಗೆ ಉಳಿದ ಮಗಳೇ ಡೋರಿಸ್. ಹೊತ್ತುತಂದ ಕೂಸನ್ನೂ ಮುಂದೆ ಕಿತ್ತುಕೊಂಡರು. ಪುಸ್ತಕ ಬರೆದವಳು ಯಾರು ಎಂಬುದು ಗೊತ್ತಾದ ಮೇಲೆ ಆ ನಡಿಗೆಯ ಕಥೆಯನ್ನು ಮಕ್ಕಳು ಮೊದಲಿನಂತೆ ಓದಲಾರರು.

ಪಾಠದ ಕೊನೆಯಲ್ಲಿ ಯಾವುದಾದರೊಂದು ಮಗು ‘ಸರ್, ನಮ್ಮಲ್ಲಿ?’ ಎನ್ನುತ್ತದೆ. ಪ್ರಶಿಕ್ಷಣಾರ್ಥಿ ಗಾಬರಿಯಿಂದ ಹಿಂದೆ ಕುಳಿತ ನನ್ನ ಕಡೆ ನೋಡುತ್ತಾರೆ. ಸಾಮಾನ್ಯವಾಗಿ ಕೊಡುವ ಎರಡು ಉತ್ತರಗಳೂ ನನಗೆ ಒಪ್ಪಿಗೆಯಿಲ್ಲ. ‘ನಮ್ಮ ದೇಶದಲ್ಲಿ ಹಾಗೆಲ್ಲ ನಡೆದಿಲ್ಲ’ ಎಂಬುದು ಒಂದು. ‘ನಮ್ಮ ಆಶ್ರಮ ಶಾಲೆಗಳೂ ಹಾಗೆಯೇ’ ಎಂಬುದು ಇನ್ನೊಂದು. ಮಗನನ್ನು ತಾನೇ ಕರೆದುತಂದು ಸೇರಿಸಿ, ಹಬ್ಬಕ್ಕೆ ಕರೆದೊಯ್ಯುವ ಸೋಲಿಗರ ತಂದೆಗೂ ಮೆನಿಂಗಿಯ ಆ ತಂದೆಗೂ ಹೋಲಿಕೆ ಮಾಡಿದರೆ ಇಬ್ಬರಿಗೂ ಅನ್ಯಾಯ. ಆಶ್ರಮ ಶಾಲೆಗಳ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ನಿಜವಾದ ಕೊಂಡಿ ಬೇಕಿದ್ದರೆ ಅದು ಕಾನೂನು ಪುಸ್ತಕದಲ್ಲಿದೆ. 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ 17ನೇ ಕಲಂ, ‘ಅಪರಾಧಿ ಬುಡಕಟ್ಟು’ ಎಂದು ಘೋಷಿತರಾದವರ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಕೈಗಾರಿಕಾ, ಕೃಷಿ ಅಥವಾ ಸುಧಾರಣಾ ಶಾಲೆಗಳಲ್ಲಿ ಇಡುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ಕೊಟ್ಟಿತ್ತು. ನ್ಯೂ ಸೌತ್ ವೇಲ್ಸ್‌ನ ಕಾಯ್ದೆ 1909ರದ್ದು, ಇದು 1911ರದ್ದು. ಎರಡೂ ಒಂದೇ ಸಾಮ್ರಾಜ್ಯದ ಆಡಳಿತ ಭಾಷೆಯಲ್ಲಿ ಬರೆದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಈ ಕಾಯ್ದೆಯಡಿ ಘೋಷಿತರಾದವರಿಗಾಗಿ ವಸಾಹತು ಇತ್ತು, ಆ ಜಾಗವನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಲ್ಲಿ ಈ ಕಲಮನ್ನು ಓದಿದವರನ್ನು ನಾನು ಇನ್ನೂ ಕಂಡಿಲ್ಲ. ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬರುವವರು ತಮ್ಮ ಸಮುದಾಯ ಕಾರ್ಯದ ಅವಧಿಯಲ್ಲಿ ಆ ಬಡಾವಣೆಯ ಹಿರಿಯರನ್ನು, ಅವರು ಒಪ್ಪಿದರೆ, ಅವರ ಶರತ್ತಿನ ಮೇಲೆ ಮಾತಾಡಿಸಲಿ ಎಂದು ನನ್ನ ಆಸೆ.

ಮೌಲ್ಯಮಾಪನದ ಬಗ್ಗೆ ಒಂದು ಮಾತು ಉಳಿದಿದೆ. ‘ರಾಷ್ಟ್ರೀಯ ಕ್ಷಮಾಯಾಚನೆಯ ದಿನ ಎಂದರೇನು?’ ಎಂಬ ಎರಡಂಕದ ಪ್ರಶ್ನೆಯ ಬದಲು ಮಕ್ಕಳ ಮುಂದೆ ಎರಡು ಸಂಗತಿ ಇಡಬಹುದು. 1999ರ ಆಗಸ್ಟ್‌ನಲ್ಲಿ ಪ್ರಧಾನಿ ಜಾನ್ ಹೋವರ್ಡ್ ಸಂಸತ್ತಿನಲ್ಲಿ ತಂದ ನಿರ್ಣಯ ಆಳವಾದ ವಿಷಾದ ವ್ಯಕ್ತಪಡಿಸಿತು, ಕ್ಷಮೆ ಎಂಬ ಪದವನ್ನು ಬಳಸಲಿಲ್ಲ. 2008ರ ಫೆಬ್ರುವರಿ 13ರಂದು ಕೆವಿನ್ ರಡ್ ಅದೇ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ವಿಷಾದಕ್ಕೂ ಕ್ಷಮೆಗೂ ಇರುವ ವ್ಯತ್ಯಾಸವನ್ನು ತಾಯಿಯ ಪತ್ರ ಓದಿದ ಮಗು ಐದು ಸಾಲಿನಲ್ಲಿ ಬರೆಯಬಲ್ಲದು. ಆ ಐದು ಸಾಲಿಗೆ ಅಂಕ ಕೊಡುವುದು ಹೇಗೆ ಎಂಬ ಚರ್ಚೆಯನ್ನು ಮುಂದಿನ ಸಂಚಿಕೆಯಲ್ಲಿ ಯಾರಾದರೂ ಎತ್ತಿಕೊಂಡರೆ ಸಂತೋಷ. ಬ್ರೂಸ್ ಟ್ರೆವರೊ ರಡ್ ಅವರ ಮಾತನ್ನು ಕೇಳುವಷ್ಟು ಕಾಲ ಬದುಕಿದ್ದರು, ಅದೇ ವರ್ಷದ ಜೂನ್‌ನಲ್ಲಿ ತೀರಿಕೊಂಡರು. ಅವರ ಗೆಲುವಿನ ವಿರುದ್ಧ ರಾಜ್ಯ ಸರ್ಕಾರ ಸಲ್ಲಿಸಿದ್ದ ಮೇಲ್ಮನವಿ ವಜಾ ಆದದ್ದು 2010ರಲ್ಲಿ.